ಸಲೈಟಾದಲ್ಲಿ ಡೋಲು ಬಾರಿಸಿದ್ದು ಯಾರು?

ನೈರೋಬಿಯ ಸ್ಯೋಕಿಮಾವು ನಿಲ್ದಾಣದಲ್ಲಿ ರೈಲು ಹತ್ತುವ ಮೊದಲು ಪ್ರಯಾಣಿಕರ ಸಾಮಾನನ್ನೆಲ್ಲ ನೆಲದ ಮೇಲೆ ಸಾಲಾಗಿ ಇರಿಸಿ, ಪೊಲೀಸ್ ನಾಯಿಯಿಂದ ಮೂಸಿ ನೋಡಿಸುತ್ತಾರೆ. ಸುಮಿತ್ರಾ ಆಂಟಿಯ ಬುತ್ತಿ ಚೀಲದ ಮುಂದೆ ನಾಯಿ ನಿಂತಿತು, ಎರಡು ಸಲ ಸೀನಿತು, ಮುಂದೆ ಹೋಯಿತು. “ಪುಳಿಯೋಗರೆ ಕಣಪ್ಪಾ, ಬಾಂಬಲ್ಲ,” ಎಂದು ಆಂಟಿ ಅದಕ್ಕೆ ಕನ್ನಡದಲ್ಲೇ ತಿಳಿಸಿದರು.

ಆಂಟಿಯ ಗಂಡ ಡಾಕ್ಟರ್ ಜಯರಾಮ್ ಮೂಳೆ ವೈದ್ಯರು. ಮೈಸೂರಿನಿಂದ ಬಂದು ನೈರೋಬಿಯಲ್ಲೇ ತಲೆ ಹಣ್ಣಾಗಿಸಿಕೊಂಡವರು, ಲ್ಯಾವಿಂಗ್ಟನ್ನಿನಲ್ಲಿ ಮನೆ. ನಾನು ಅಪ್ಪರ್ ಹಿಲ್ಲಿನ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ. ಇಲ್ಲಿನ ಕನ್ನಡಿಗರು ಸೇರುವ ಸಭೆಯಲ್ಲಿ ಆ ಭಾನುವಾರ ಡಾಕ್ಟರು ತಮ್ಮ ಮುತ್ತಾತನ ಬಗ್ಗೆ ಮಾತನಾಡುವುದಿತ್ತು. ಮುತ್ತಾತ ಮುನಿಯಪ್ಪ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಸೈನ್ಯದ ಜೊತೆ ಬೆಂಗಳೂರು ದಂಡಿನಿಂದ ಇದೇ ಕೀನ್ಯಕ್ಕೆ ಬಂದಿದ್ದರಂತೆ, ಸಲೈಟಾ ಗುಡ್ಡದ ಕದನದಲ್ಲಿ ಡೋಲು ಬಾರಿಸುತ್ತ ಸಿಪಾಯಿಗಳ ಮುಂದೆ ನಡೆದಿದ್ದರಂತೆ. ‘ಸಲೈಟಾದ ವೀರಯೋಧನ ಮರಿಮಗನಿಂದ ಉಪನ್ಯಾಸ’ ಎಂಬ ಆಮಂತ್ರಣ ಆಗಲೇ ಎಲ್ಲರ ಫೋನಿಗೂ ಹೋಗಿತ್ತು. ಅವರ ಕನ್ನಡಕ್ಕೆ ಸ್ವಲ್ಪ ತುಕ್ಕು ಹಿಡಿದಿದೆ, ಆದ್ದರಿಂದ ಭಾಷಣ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಜಾಗ ನೋಡದೆ ಬರೆಯುವುದಿಲ್ಲ ಎಂದೆ. ಹಾಗಾದರೆ ನಡಿ ಎಂದರು.

ರೈಲು ಆಥಿ ಬಯಲು ದಾಟುವ ಹೊತ್ತಿಗೇ ನಮ್ಮ ಜಗಳ ಶುರುವಾಗಿತ್ತು.

“ಅಂಕಲ್, ಮೆಷಿನ್ ಗನ್ ಎದುರಿಗೆ ಡೋಲು ಬಾರಿಸ್ಕೊಂಡು ಯಾರು ಹೋಗ್ತಾರೆ? ನಾವಿಲ್ಲಿದ್ದೀವಿ, ಹೊಡೀರಿ ಅಂತ ಕರೆದ ಹಾಗಲ್ವಾ?”

“ಏನಮ್ಮ, ನಿನಗೆ ಎಲ್ಲದಕ್ಕೂ ಪ್ರೂಫ್ ಬೇಕು. ನಮ್ಮಜ್ಜಿ ಅವರ ಸ್ವಂತ ಮಗಳು. ಊರೆಲ್ಲ ಅವರನ್ನ ಡೋಲಿ ಮುನಿಯಪ್ಪ ಅಂತಲೇ ಕರೀತಿತ್ತು. ಡೋಲಿನ ಪಟ್ಟಿ ಒತ್ತಿ ಒತ್ತಿ ಎರಡೂ ಹೆಗಲ ಮೇಲೆ ಗಂಟು ಕಟ್ಟಿತ್ತಂತೆ. ಅಜ್ಜಿ ಚಿಕ್ಕವಳಿದ್ದಾಗ ದಿನಾ ಎಣ್ಣೆ ಹಚ್ಚಿ ಉಜ್ಜೋಳು. ಇದಕ್ಕಿಂತ ಪ್ರೂಫ್ ಏನು ಬೇಕು?”

“ಹೆಗಲಿನ ಗಂಟು ಯುದ್ಧದ ಪ್ರೂಫ್ ಹೇಗಾಗತ್ತೆ?”

“ಇವಳಿಗೆ ಪುಳಿಯೋಗರೆ ಕೊಡೇ, ಬಾಯಿ ತುಂಬಲಿ,” ಎಂದರು ಡಾಕ್ಟರು ಹೆಂಡತಿಗೆ.

ಮಧ್ಯಾಹ್ನ ವೋಯಿಯಲ್ಲಿ ಇಳಿದಾಗ ನೈರೋಬಿಯ ಚಳಿ ಎಲ್ಲೋ ಉಳಿದುಹೋಗಿತ್ತು, ಸ್ವೆಟರುಗಳು ಚೀಲ ಸೇರಿದವು. ನಿಲ್ದಾಣದ ಹೊರಗೆ ನಾವು ಹೇಳಿಟ್ಟಿದ್ದ ಕಾರು, ಅದರ ಚಾಲಕ ಮ್ವಾಕಿಯೊ ಕಾಯುತ್ತಿದ್ದರು. ವೋಯಿಯಿಂದ ತಾವೇಟಾ ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಮ್ವಟಾಟೆ ದಾಟಿದ ಮೇಲೆ ರಸ್ತೆ ನೇರ, ಮಣ್ಣು ಕುಂಕುಮದಷ್ಟು ಕೆಂಪು, ಆ ಮಣ್ಣಿನಲ್ಲಿ ಹೊರಳಿದ ಆನೆಗಳೂ ಕೆಂಪು. ಮಕ್ಟಾವು ಎಂಬಲ್ಲಿ ಹಳೆಯ ರೈಲು ಹಳಿ ರಸ್ತೆಯ ಜೊತೆ ಸ್ವಲ್ಪ ದೂರ ಬಂತು. ಆ ಯುದ್ಧಕ್ಕಾಗಿಯೇ ಹಾಕಿದ ಹಳಿ ಅದು.

ಆ ಯುದ್ಧ ಯೂರೋಪಿನ ಕಂದಕಗಳಲ್ಲಿ ನಡೆಯಿತೆಂದೇ ನಾವೆಲ್ಲ ಶಾಲೆಯಲ್ಲಿ ಓದಿದ್ದು. ಇಲ್ಲಿ ಅದು ಇನ್ನೊಂದು ರೀತಿ ನಡೆಯಿತು. ೧೯೧೪ರಲ್ಲಿ ಜರ್ಮನರ ವಶದಲ್ಲಿದ್ದ ಟಾಂಗಾ ಬಂದರಿಗೆ ಇಂಡಿಯಾದಿಂದ ತಂದ ಪಡೆಗಳನ್ನು ಇಳಿಸಿ ಬ್ರಿಟಿಷರು ಸೋತರು. ಅಷ್ಟರಲ್ಲೇ ಜರ್ಮನರು ಗಡಿ ದಾಟಿ ತಾವೇಟಾ ಹಿಡಿದಿದ್ದರು, ಆಮೇಲೆ ಸಲೈಟಾದಲ್ಲಿ ಕೂತರು. ೧೯೧೬ರ ಫೆಬ್ರವರಿಯಲ್ಲಿ ಸಲೈಟಾದ ಮೇಲೆ ದಾಳಿ ನಡೆದು ಅದೂ ಸೋತಿತು. ಮಾರ್ಚಿನಲ್ಲಿ ಲಾಟೆಮಾ, ರೆಯಾಟಾ ಗುಡ್ಡಗಳ ಕದನದ ನಂತರ ಜರ್ಮನರು ದಕ್ಷಿಣಕ್ಕೆ ಸರಿದರು. ಅವರನ್ನು ಅಟ್ಟಿಕೊಂಡು ಹೋಗುವುದು ಯೂರೋಪಿನಲ್ಲಿ ಬಂದೂಕು ನಿಂತ ಮೇಲೂ ಕೆಲವು ದಿನ ಮುಂದುವರಿಯಿತು. ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು. ಹೇಳುವಾಗ ‘ಪಡೆ ಸರಿಯಿತು’ ಎನ್ನುತ್ತೇವೆ. ನೀರು, ಹಿಟ್ಟು, ಗುಂಡು, ಗಾಯಾಳು ತಾವಾಗಿಯೇ ಸರಿದವೇನೋ ಎಂಬಂತೆ.

ಡಾಕ್ಟರಿಗೆ ಸಲೈಟಾದ ಒಂದು ಕಥೆ ಬಲು ಪ್ರಿಯ. ಕಾರಿನಲ್ಲಿ ಅದನ್ನು ಮ್ವಾಕಿಯೊಗೆ ಇಂಗ್ಲಿಷಿನಲ್ಲಿ ಹೇಳಿದರು. ದಕ್ಷಿಣ ಆಫ್ರಿಕಾದ ಬಿಳಿ ಸೈನಿಕರು ಇಂಡಿಯಾದ ಸಿಪಾಯಿಗಳನ್ನು ಕೂಲಿಗಳು ಎಂದು ಹಂಗಿಸುತ್ತಿದ್ದರಂತೆ. ಸಲೈಟಾದಲ್ಲಿ ಆ ಬಿಳಿಯರೇ ಓಡಿದಾಗ ಇಂಡಿಯಾದ ಬಲೂಚಿ ಪಡೆ ನಿಂತು ಕಾದಿತಂತೆ. ಓಡಿದವರು ಬಿಟ್ಟುಹೋದ ಮೆಷಿನ್ ಗನ್ನನ್ನು ವಾಪಸು ಕಳಿಸಿ, ಇನ್ನುಮುಂದೆ ನಮ್ಮವರನ್ನು ಕೂಲಿ ಎನ್ನಬೇಡಿ ಎಂದು ಹೇಳಿ ಕಳಿಸಿತಂತೆ.

ಮ್ವಾಕಿಯೊ ತೊಡೆ ತಟ್ಟಿಕೊಂಡು ನಕ್ಕರು. ಆಮೇಲೆ ಕೇಳಿದರು: “ಸವಾ, ಸರಿ, ಡಕ್ಟಾರಿ. ಆದರೆ ಆ ಗನ್ನನ್ನು ಅಲ್ಲಿತನಕ ಹೊತ್ತುಕೊಂಡು ಹೋದವರು ಯಾರು?”

“ಯಾರೋ ಕೂಲಿ,” ಎಂದು ಆಂಟಿ ಹಿಂದಿನ ಸೀಟಿನಿಂದ ಕನ್ನಡದಲ್ಲಿ ಹೇಳಿದರು. ಡಾಕ್ಟರಿಗೆ ನಗು ಬರಲಿಲ್ಲ.

ಅಂದು ತಾವೇಟಾದ ಒಂದು ಲಾಡ್ಜಿನಲ್ಲಿ ಉಳಿದೆವು. ಊಟಕ್ಕೆ ಉಗಾಲಿ, ಸುಕುಮಾ ಸೊಪ್ಪಿನ ಪಲ್ಯ. ಉಗಾಲಿಯನ್ನು ನಾನು ಮೊದಮೊದಲು ಬಿಳಿ ಮುದ್ದೆ ಎಂದು ಕರೆದು ಎಲ್ಲರಿಂದಲೂ ಬೈಸಿಕೊಂಡಿದ್ದೆ. ಆಂಟಿ ಅದಕ್ಕೆ ಉಪ್ಪಿನಕಾಯಿ ಹಚ್ಚಿಕೊಂಡು ತಿಂದರು. ಸಂಜೆ ಯುದ್ಧದ ಸ್ಮಶಾನಕ್ಕೆ ಹೋದೆವು. ಬಿಳಿ ಕಲ್ಲುಗಳ ಸಾಲು ಅಚ್ಚುಕಟ್ಟಾಗಿತ್ತು, ಹುಲ್ಲು ಕತ್ತರಿಸಿತ್ತು. ಡಾಕ್ಟರು ಕನ್ನಡಕ ಒರೆಸಿಕೊಳ್ಳುತ್ತ ಒಂದೊಂದು ಕಲ್ಲನ್ನೂ ಓದಿದರು. ಮುನಿಯಪ್ಪ ಬದುಕಿ ಊರಿಗೆ ಮರಳಿದವರು, ಅವರ ಹೆಸರು ಇಲ್ಲಿ ಇರುವ ಪ್ರಶ್ನೆಯೇ ಇಲ್ಲ. ಆದರೂ ಓದಿದರು.

ಮರುದಿನ ಬೆಳಗ್ಗೆ ಸಲೈಟಾ. ಗುಡ್ಡ ಎನ್ನಲು ನಾಚಿಕೆಯಾಗುವಷ್ಟು ಚಿಕ್ಕದು. ಚಾಮುಂಡಿ ಬೆಟ್ಟ ನೋಡಿದವರಿಗೆ ಇದು ದಿಬ್ಬ. ಸುತ್ತ ಮುಳ್ಳುಗಿಡ, ಪಶ್ಚಿಮಕ್ಕೆ ಮೋಡದೊಳಗಿಂದ ಕಿಲಿಮಂಜಾರೋ ಅರ್ಧ ಮಾತ್ರ ಕಾಣುತ್ತಿತ್ತು. ಕಂದಕಗಳ ಗುರುತು ಇನ್ನೂ ಇದೆ. ಬ್ರಿಟಿಷರ ತೋಪುಗಳು ಗುಡ್ಡದ ನೆತ್ತಿಗೆ ಗುರಿಯಿಟ್ಟು ಹೊಡೆದವು, ಜರ್ಮನರ ಸಿಪಾಯಿಗಳಾದರೋ ಗುಡ್ಡದ ಬುಡದಲ್ಲಿ ಅಡಗಿದ್ದರು. ದಾಳಿ ಮಾಡಿದವರಿಗೆ ಅದು ಗೊತ್ತಾಗುವಾಗ ತಡವಾಗಿತ್ತು.

ಡಾಕ್ಟರು ಮುಳ್ಳುಪೊದೆಗಳ ನಡುವೆ ನಿಂತು ಕೈ ಬೀಸಿದರು. “ಇಲ್ಲೇ ಎಲ್ಲೋ ಕಣಮ್ಮ. ಸಾಲಾಗಿ ಬಂದಿರ್ತಾರೆ. ಮುಂದೆ ನಮ್ಮ ಮುತ್ತಾತ.”

“ಡೋಲು ಹಿಡ್ಕೊಂಡು ಈ ಮುಳ್ಳಲ್ಲಿ ನಾಲ್ಕು ಹೆಜ್ಜೆ ಹಾಕಿ ತೋರಿಸಿ ಅಂಕಲ್, ಒಪ್ಕೋತೀನಿ.”

“ನೀನು ಬರೆಯೋದೇ ಬೇಡ ಬಿಡು! ನಾನೇ ಬರ್ಕೋತೀನಿ!”

ಅವರು ನಿಜವಾಗಿ ಸಿಟ್ಟಾಗಿದ್ದರು. ನಾವಿಬ್ಬರೂ ಹೀಗೆ ನಿಂತಿರುವಾಗ ಆಂಟಿ ಅರ್ಧ ದಾರಿಯಲ್ಲಿ ಒಂದು ಕಲ್ಲಿನ ಮೇಲೆ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದರು. ಅಲ್ಲಿಂದಲೇ ಕೂಗಿದರು.

“ರೀ, ಜಗಳ ಸಾಕು ಮಾಡಿ. ನನ್ನ ಕೈಲಿ ಇನ್ನು ಹತ್ತೋಕಾಗಲ್ಲ. ಇಲ್ಲೂ ಒಂದು ಡೋಲಿ ಇಟ್ಟಿದ್ರೆ ಎಷ್ಟು ಚೆನ್ನಾಗಿತ್ತು! ಶ್ರವಣಬೆಳಗೊಳದಲ್ಲಿ ನನ್ನ ಕೂರಿಸ್ಕೊಂಡು ಹೋದ್ರಲ್ಲ, ಪಾಪ. ಆ ಮುಂದಿದ್ದವನ ಹೆಗಲು ನೋಡಿದ್ರಾ ನೀವು? ಬದನೆಕಾಯಿ ಥರ ಊದ್ಕೊಂಡಿತ್ತು.”

ಆಂಟಿ ಮಂಡಿಯ ನೋವಿನಲ್ಲಿ ಹೇಳಿದ ಮಾತು ಅದು, ಬೇರೇನೂ ಅವರ ಮನಸ್ಸಿನಲ್ಲಿ ಇರಲಿಲ್ಲ. ಡಾಕ್ಟರ ಕೈ ಮಾತ್ರ ಗಾಳಿಯಲ್ಲೇ ನಿಂತಿತು. ನಾನು ಬಾಯಿ ತೆರೆದೆ. ಡೋಲು ಹೊಡೆಯುವವನನ್ನು ಯಾರೂ ಡೋಲಿ ಎನ್ನುವುದಿಲ್ಲ, ಡೋಲಿನ ಪಟ್ಟಿ ಬೀಳುವುದು ಒಂದು ಕಡೆಗೆ, ಹೆಗಲು ಬದಲಾಯಿಸುತ್ತ ಹೊರುವವನಿಗಷ್ಟೇ ಎರಡೂ ಕಡೆ ಗಂಟು, ಆ ಕಾಲದ ಸೈನ್ಯದಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದುದೂ ಡೋಲಿಯಲ್ಲೇ. ಇಡೀ ವಾದ ನನ್ನ ನಾಲಿಗೆಯ ತುದಿಯಲ್ಲಿತ್ತು. ನಿನ್ನೆಯಿಂದ ನಾನು ಕಾಯುತ್ತಿದ್ದುದು ಇದಕ್ಕೇ. ಆದರೆ ಡಾಕ್ಟರು ಬಲಗೈಯಿಂದ ತಮ್ಮ ಎಡ ಹೆಗಲನ್ನು, ಆಮೇಲೆ ಎಡಗೈಯಿಂದ ಬಲ ಹೆಗಲನ್ನು ಒತ್ತಿ ನೋಡಿಕೊಳ್ಳುತ್ತಿದ್ದರು. ರೋಗಿಯ ಮೂಳೆ ಹುಡುಕುವ ಹಾಗೆ. ನಾನು ಬಾಯಿ ಮುಚ್ಚಿಕೊಂಡೆ.

“ಎರಡೂ ಹೆಗಲು ಅಂತಿದ್ದಳು ಅಜ್ಜಿ,” ಎಂದರು. “ನಾನು ಮೂಳೆ ಡಾಕ್ಟರು. ನನಗಾದರೂ ಗೊತ್ತಾಗಬೇಕಿತ್ತು.”

ವೋಯಿಗೆ ಮರಳುವ ಕಾರಿನಲ್ಲಿ ಡಾಕ್ಟರು ಕಿಟಕಿಯ ಕಡೆಗೇ ಮುಖ ಮಾಡಿದ್ದರು. ನಿಲ್ದಾಣದಲ್ಲಿ ಮ್ವಾಕಿಯೊ ಆಂಟಿಯ ಚೀಲ ಎತ್ತಿಕೊಟ್ಟು, “ಅಸಾಂಟೆ, ಮಾಮಾ,” ಎಂದು ಸ್ವಾಹಿಲಿಯಲ್ಲಿ ‘ಧನ್ಯವಾದ, ಅಮ್ಮಾ’ ಹೇಳಿ ಕೈ ಮುಗಿದರು. ಕೈ ಮುಗಿಯುವುದನ್ನು ಆಂಟಿಯೇ ದಾರಿಯಲ್ಲಿ ಕಲಿಸಿದ್ದರು.

ಸಂಜೆಯ ರೈಲು ತ್ಸಾವೋ ದಾಟುವಾಗ ನಾನೇ ಡಾಕ್ಟರ ಸೋಲು ತಾಳಲಾರದೆ ಅವರ ಪರವಾಗಿ ವಾದ ಕಟ್ಟಿದೆ. “ಅಂಕಲ್, ಯೋಧ ಅನ್ನೋ ಪದ ಬಿಡಬೇಕಾಗಿಲ್ಲ. ಗುಂಡಿನ ನಡುವೆ ಓಡಾಡಿದೋರು ಅವರೂ. ಬಂದೂಕು ಹಿಡಿದೋನು ಮಾತ್ರ ಯೋಧ ಅಂತ ಎಲ್ಲಿದೆ? ನಾನು ಬರೀತೀನಿ, ಒಬ್ಬರೂ ಪ್ರಶ್ನೆ ಮಾಡಲ್ಲ.”

“ಬೇಡಮ್ಮ. ನೀನು ಬರೆದ್ರೆ ಗೆಲ್ಲಿಸಿಬಿಡ್ತೀಯ.” ಅವರು ಸಣ್ಣಗೆ ನಕ್ಕರು. “ಬಂದೂಕು ಇದ್ದೋನು ಗುಂಡು ಬಂದ್ರೆ ಮಲಗ್ತಾನೆ, ಓಡ್ತಾನೆ. ಡೋಲಿ ಹೊತ್ತೋನು? ಮಲಗಿದ್ರೆ ಮೇಲಿರೋ ಮುರಿದ ಕಾಲು ನೆಲಕ್ಕೆ ಬೀಳತ್ತೆ. ನನ್ನ ಹತ್ರ ಸ್ಟ್ರೆಚರ್‌ನಲ್ಲಿ ಎಷ್ಟು ಜನ ಬಂದ್ರು, ತಂದೋರ ಮುಖ ಒಂದಿನಾನೂ ನೋಡಿಲ್ಲ ನಾನು. ಆ ಕೂಲಿ ಕಥೆನೂ ತೆಗೆದುಬಿಡು. ನಮ್ಮನ್ನ ಕೂಲಿ ಅನ್ಬೇಡಿ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?”

“ಕೂಲಿ ಅಂದ್ರೆ ನಮ್ಮ ಭಾಷೇಲಿ ದುಡಿಮೆಯ ಸಂಬಳ ರೀ,” ಎಂದರು ಆಂಟಿ. “ಬೈಗುಳ ಮಾಡಿದ್ದು ಅವರು.”

ಡಾಕ್ಟರು ಫೋನು ತೆಗೆದು, ಒಂದೇ ಬೆರಳಿನಲ್ಲಿ, ಕನ್ನಡಿಗರ ಗುಂಪಿಗೆ ಬರೆಯತೊಡಗಿದರು. ಬೇಡ, ಭಾನುವಾರ ನೇರವಾಗಿ ಹೇಳಿ, ಈಗಲೇ ಬರೆದರೆ ಎಲ್ಲರೂ ಆಡಿಕೊಳ್ಳುತ್ತಾರೆ ಎಂದೆ. ಅವರು ಕೇಳಲಿಲ್ಲ. ಬರೆದದ್ದನ್ನು ನನಗೆ ತೋರಿಸಿದರು: ‘ಆಮಂತ್ರಣದಲ್ಲಿ ತಪ್ಪಾಗಿದೆ. ನನ್ನ ಮುತ್ತಾತ ಯೋಧರಲ್ಲ. ಸಲೈಟಾದಲ್ಲಿ ಗಾಯಾಳುಗಳ ಡೋಲಿ ಹೊತ್ತವರು.’ ತಿದ್ದುವುದೇನೂ ಇರಲಿಲ್ಲ. ಸಂದೇಶ ಹೋಗುವಷ್ಟು ಸಿಗ್ನಲ್ ಬಯಲಿನಲ್ಲಿ ಸಿಗಲಿಲ್ಲ. ಅವರು ಫೋನನ್ನು ಅಂಗೈಯಲ್ಲಿ ಹಿಡಿದೇ ಕೂತರು.

ಆಥಿ ನದಿ ದಾಟಿದ ಮೇಲೆ ಅದು ಹೋಯಿತು. ನೈರೋಬಿಯ ದೀಪಗಳು ಕಾಣತೊಡಗಿದಾಗ ಮೊದಲ ಉತ್ತರ ಬಂತು, ಕರೆನ್ ಬಡಾವಣೆಯಲ್ಲಿರುವ ಒಬ್ಬ ಉಪನ್ಯಾಸಕರಿಂದ. ಡಾಕ್ಟರು ಅದನ್ನು ಗಟ್ಟಿಯಾಗಿ ಓದಿದರು: “ಸರ್, ಟೈಪಿಂಗ್ ಮಿಸ್ಟೇಕ್ ಆಗಿದೆ ಅನ್ಸತ್ತೆ. ಡೋಲು ಅಲ್ವಾ?”

ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ರೈಲು ನಿಧಾನಿಸುತ್ತಿತ್ತು, ಜನ ಎದ್ದು ಮೇಲಿನ ಸಾಮಾನು ಇಳಿಸಿಕೊಳ್ಳುತ್ತಿದ್ದರು. ಡಾಕ್ಟರು ಮಾತ್ರ ಕೂತಲ್ಲೇ ಕೂತು, ಅದೇ ಒಂದು ಬೆರಳಿನಿಂದ, ಮೂರಕ್ಷರ ಒತ್ತಿದರು.

‘ಡೋಲಿನೇ.’