ಗಾದಿ ಚಾಚಾ ಆರಿಸಿಕೊಟ್ಟ ಟ್ಯಾಕರ್

ಗಾದಿ ಚಾಚಾನ ತುಟಿಗಳ ನಡುವೆ ಒಂದು ಕಾಲದಲ್ಲಿ ಸದಾ ಹತ್ತಿಪ್ಪತ್ತು ಸಣ್ಣ ಮೊಳೆಗಳಿರುತ್ತಿದ್ದವಂತೆ. ನಾಲಿಗೆಯಿಂದ ಒಂದೊಂದನ್ನೇ ಮುಂದಕ್ಕೆ ತಳ್ಳಿ, ಎಡಗೈಯಿಂದ ಹಿಡಿದು, ಕುರ್ಚಿಯ ಅಂಚಿಗಿಟ್ಟು ಟಪ್ಪೆಂದು ಹೊಡೆಯುತ್ತಿದ್ದರಂತೆ. ಸವಣೂರಿನಲ್ಲಿ ಸೋಫಾ, ಕುರ್ಚಿಗಳಿಗೆ ಬಟ್ಟೆ ಹೊದಿಸುವ ಕೆಲಸ ಅವರದು. ನಾನು ಕಾಣುವ ಹೊತ್ತಿಗೆ ಮೊಳೆಯ ಕಾಲ ಮುಗಿದು, ಪಿನ್ನು ಹೊಡೆಯುವ ಸ್ಟೇಪಲ್ ಗನ್ನು ಅಂಗಡಿಗೆ ಬಂದಿತ್ತು. ಅದನ್ನು ಅವರು ಟ್ಯಾಕರ್ ಎನ್ನುತ್ತಿದ್ದರು. ಮೊಳೆ ಹೋಗಿ ಬಾಯಿ ಖಾಲಿಯಾದದ್ದೇ ತಡ, ಮಾತು ಶುರುವಾಗಿತ್ತು. “ಮೊಳಿ ಇದ್ದಾಗ ಮನ್ಯಾಗ ಶಾಂತಿ ಇತ್ರಿ” ಎಂದು ಚಾಚಿ ನನ್ನೆದುರೇ ದೂರುತ್ತಿದ್ದರು.

ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಸ್ಕೂಟರಿನಿಂದ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಿದ್ದೆ. ಪ್ಲಾಸ್ಟರ್ ಬಿಚ್ಚಿದ ಮೇಲೂ ಸೀಮೆಸುಣ್ಣ ಬೆರಳಿನಿಂದ ಜಾರಿ ಬೀಳುತ್ತಿತ್ತು. ಬೋರ್ಡಿನ ಮೇಲಿನ ನನ್ನ ಅಕ್ಷರದ ಬಗ್ಗೆ ನನಗೆ ಸ್ವಲ್ಪ ಜಂಬವಿತ್ತು, ಸುಳ್ಳೇಕೆ ಹೇಳಲಿ? ಹೆಡ್‌ಮಾಸ್ತರರು ಮರುಕದಿಂದಲೇ, “ಬೇಕಂದ್ರ ಲೈಬ್ರರಿ ನೋಡ್ಕೊಳ್ರಿ, ಕ್ಲಾಸ್ ಬ್ಯಾರೇಯವ್ರಿಗೆ ಕೊಡೂಣು. ಅರ್ಜಿ ಬರಕೊಡ್ರಿ” ಎಂದರು. ಆ ಮರುಕಕ್ಕೆ ನನಗೆ ಮೈ ಉರಿಯಿತು. ಕೈ ನೆಟ್ಟಗಿದೆಯೆಂದು ತೋರಿಸಲು, ಮನೆಯ ಆರು ಊಟದ ಕುರ್ಚಿಗಳ ಹರಿದ ಸೀಟುಗಳನ್ನು ನಾನೇ ಹೊದಿಸುತ್ತೇನೆಂದು ಹಟ ತೊಟ್ಟೆ. ಮೊಬೈಲಿನಲ್ಲಿ ಕಂಡ ಎಲ್ಲಕ್ಕಿಂತ ದೊಡ್ಡ ಗನ್ನನ್ನೇ ತರಿಸಿದೆ. ಎರಡೂ ಕೈಯಿಂದ ಅದುಮಿದರೂ ಅದು ಅಲುಗಲಿಲ್ಲ. ಸೋತು, ಒಂದು ಸೀಟನ್ನೂ ಆ ಗನ್ನನ್ನೂ ಚೀಲಕ್ಕೆ ಹಾಕಿಕೊಂಡು ಚಾಚಾನ ಅಂಗಡಿಗೆ ಹೋದೆ.

ಅವರು ಸೀಟನ್ನು ನೋಡಲೇ ಇಲ್ಲ. ಬಕೆಟ್ಟಿನಿಂದ ಒದ್ದೆ ಟವೆಲ್ ತೆಗೆದು ಕೈಗಿತ್ತರು.

“ಹಿಂಡ್ರಿ ಅಕ್ಕಾರ, ನೋಡೂಣು.”

ಹಿಂಡಿದೆ. ನಾಲ್ಕು ಹನಿ ಬಿತ್ತು. ಟ್ಯಾಕರ್ ಕೇಳಿಕೊಂಡು ಬಂದವರಿಗೆಲ್ಲ ಅವರದು ಇದೇ ಪರೀಕ್ಷೆ.

“ಮೊದಲ ಕೈ ನೋಡಬೇಕ್ರಿ, ಆಮ್ಯಾಲ ಕಟ್ಟಿಗಿ, ಕಡೀಕ ಪಿನ್ನು. ನೀವು ಮೊದಲ ಫೋಟೋ ನೋಡೀರಿ!”

ನನಗೆ ನಗುವೂ ನಾಚಿಕೆಯೂ ಬಂತು. ಸಾಗವಾನಿಯಂಥ ಗಟ್ಟಿ ಕಟ್ಟಿಗೆಗೆ ಜೋರಾದ ಗನ್ನು ಬೇಕು, ನಿಮ್ಮ ಪ್ಲೈವುಡ್ಡಿಗೆ ಹಗುರಾದದ್ದೇ ಸಾಕು, ಪಿನ್ನು ಹಲಗೆಯ ದಪ್ಪಕ್ಕಿಂತ ಗಿಡ್ಡ ಇರಬೇಕು ಎಂದು ಬಿಡಿಸಿ ಹೇಳಿದರು. ಹಾಗಾದರೆ ಕರೆಂಟಿನ ಗನ್ನೇ ಕೊಡಿಸಿ, ಅದುಮುವ ರಗಳೆಯೇ ಇರುವುದಿಲ್ಲ ಎಂದೆ.

“ಕರೆಂಟಿಂದು ತಗೊಂಡ್ರ ಕುರ್ಚಿ ತಯಾರಾಗ್ತಾವ. ಕೈ ತಯಾರಾಗಂಗಿಲ್ಲ.”

ತಮ್ಮದೇ ಒಂದು ಹಗುರ ಟ್ಯಾಕರ್ ತೆಗೆದು, ಅದುಮಲು ಸಲೀಸಾಗಲೆಂದು ಅದರ ಹಿಂದಿನ ತಿರುಪನ್ನು ಸಡಿಲಿಸಿ ಕೊಟ್ಟರು. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಬರ್ರಿ, ಟ್ಯಾಕರ್ ಇಲ್ಲೇ ಇರಲಿ ಎಂದರು.

ಮೊದಲ ಸೀಟಿನ ಕಥೆ ಹೇಳಲೇಬೇಕು. ಹೊದಿಸಿದವರೇ ಮೊದಲು ಕೂರಬೇಕು ಎಂಬುದು ಆ ಅಂಗಡಿಯ ನಿಯಮ. ನಾನು ದೊಡ್ಡ ಮರ್ಯಾದಸ್ಥೆಯಂತೆ, “ಹಿರಿಯರು ನೀವು, ನೀವೇ ಕೂಡ್ರಿ” ಎಂದೆ. ಚಾಚಾ ಖುಷಿಯಿಂದ ಕುಳಿತರು, ಕುಳಿತಷ್ಟೇ ಬೇಗ “ಯಾ ಅಲ್ಲಾ!” ಎಂದು ಎದ್ದರು. ನನ್ನ ದೊಡ್ಡ ಗನ್ನಿನ ಜೊತೆ ಬಂದಿದ್ದ ಉದ್ದ ಪಿನ್ನನ್ನೇ ತುಂಬಿ ಕೆಳಗಿನಿಂದ ಹೊಡೆದಿದ್ದೆ. ಮೊನೆಗಳು ಪ್ಲೈವುಡ್ಡನ್ನೂ ತೆಳ್ಳನೆಯ ಫೋಮನ್ನೂ ದಾಟಿ ಮೇಲೆ ಬಂದಿದ್ದವು. ಚಾಚಿ ಸೆರಗು ಬಾಯಿಗೊತ್ತಿ ನಕ್ಕಿದ್ದೇ ನಕ್ಕಿದ್ದು. “ನಿಮ್ಮ ಮರ್ಯಾದಿ ಭಾಳ ಚುಚ್ಚತೈತ್ರಿ ಅಕ್ಕಾರ” ಎಂದು ಚಾಚಾ ಮುಂದೆ ವಾರಗಟ್ಟಲೆ ಕಾಡಿದರು.

ಹೀಗೆ ಎರಡು ತಿಂಗಳು ಕಳೆಯಿತು. ತಪ್ಪಾದದ್ದನ್ನು ಬಿಚ್ಚಿ ಮತ್ತೆ ಹೊಡೆಯುತ್ತ ಐದು ಸೀಟು ಮುಗಿದವು. ಆದರೆ ಟ್ಯಾಕರ್ ಮಾತ್ರ ಮೊದಲ ದಿನದಷ್ಟೇ ಬಿರುಸಾಗಿತ್ತು. ಪ್ರತಿ ಶನಿವಾರ ಅದೇ ನೋವು, ಅದೇ ತಿಣುಕಾಟ. ಮತ್ತೆ ಜಾರಿ ಬಿದ್ದೀತೆಂದು ಹೆದರಿ ನಾನು ಸೀಮೆಸುಣ್ಣವನ್ನು ಮುಟ್ಟುವುದನ್ನೇ ಬಿಟ್ಟಿದ್ದೆ. ಕೊನೆಗೊಂದು ಶನಿವಾರ ಲೈಬ್ರರಿಗೆ ಹಾಕಿಸಿಕೊಳ್ಳುವ ಅರ್ಜಿಯನ್ನು ಎಡಗೈಯಲ್ಲಿ ಬರೆದು, ಚೀಲದಲ್ಲಿಟ್ಟುಕೊಂಡು ಹೋದೆ.

“ಆಗಂಗಿಲ್ಲ ಚಾಚಾ. ಒಂದು ಎಳ್ಳಷ್ಟೂ ಸುಧಾರಿಸಿಲ್ಲ” ಎಂದೆ. ಕಣ್ಣಲ್ಲಿ ನೀರು ಬಂದಿತ್ತು.

ಚಾಚಾ ಗಡ್ಡ ಕೆರೆದುಕೊಂಡರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಚಾಚಿಯ ಕಡೆ ನೋಡಿದರು. ಆಮೇಲೆ ಟ್ಯಾಕರ್ ತಿರುಗಿಸಿ ಹಿಂದಿನ ತಿರುಪನ್ನು ತೋರಿಸಿದರು. ಅದು ಪೂರ್ತಿ ಒಳಗೆ ಹೋಗಿತ್ತು.

“ಪ್ರತಿ ಶನಿವಾರ ನೀವು ಬರೂಕಿಂತ ಮೊದಲ ಅರ್ಧ ಸುತ್ತು ಬಿಗಿ ಮಾಡೇನ್ರಿ. ಹೇಳಿದ್ರ ನೀವು ಹೆದರತಿದ್ರಿ.”

ನನಗೆ ಸಿಟ್ಟು ಬಂತು. ಎರಡು ತಿಂಗಳು ತಿಣುಕಿದ್ದು ಸುಮ್ಮನೆಯೇ? ಚಾಚಿ ನಡುವೆ ಬಂದು ಒದ್ದೆ ಟವೆಲ್ ಕೊಟ್ಟರು. ಸಿಟ್ಟಿನಲ್ಲೇ ಹಿಂಡಿದೆ. ನೀರು ಧಾರೆಯಾಗಿ ಚಾಚಾನ ಪಾದದ ಮೇಲೆ ಸುರಿಯಿತು. ಮೂವರೂ ನೆಲ ನೋಡಿದೆವು, ಆಮೇಲೆ ಜೋರಾಗಿ ನಕ್ಕೆವು. ಅರ್ಜಿಯನ್ನು ಅಲ್ಲೇ ಹರಿದೆ.

ಹೋದ ವರ್ಷ ಚಾಚಾ ತೀರಿಕೊಂಡರು. ಸುದ್ದಿ ಬಂದಾಗ ನಾನು ಒಂಬತ್ತನೆಯ ತರಗತಿಯಲ್ಲಿ ಬೋರ್ಡಿನ ಮೇಲೆ ಪದ್ಯ ಬರೆಯುತ್ತಿದ್ದೆ. ಪ್ಯೂನ್ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿ ಹೋದ. ಇನ್ನೂ ಎರಡು ಸಾಲು ಉಳಿದಿದ್ದವು. ಮಕ್ಕಳಿಗೆ ಮುಖ ತೋರಿಸದೆ, ಬೋರ್ಡಿನ ಕಡೆಗೇ ತಿರುಗಿ ಅವೆರಡನ್ನೂ ಬರೆದು ಮುಗಿಸಿದೆ. ಕಣ್ಣಿಗೆ ಅಕ್ಷರಗಳು ಕಾಣುತ್ತಿರಲಿಲ್ಲ. ಕೈ ತಾನೇ ಬರೆಯಿತು.