ವಲ್ಲಿಯ ಕೆಳಗಿನ ಹಲ್ಲುನೋವು

ಬಿಸಿಲು ಇನ್ನೂ ಸಾಲೆಯ ಮಾಳಿಗೆಗೆ ತಾಗಿಲ್ಲ. ಅಂಗಳದ ಬೇವಿನ ಮರದಡಿ ಆಗಲೇ ದನದ ಸಂತೆ ನೆರೆದಿದೆ. ದನ ಒಂದೂ ಇಲ್ಲ, ಇರುವವರೆಲ್ಲ ಮಕ್ಕಳು. ಅರ್ಧ ಮಂದಿ ಹೋರಿಗಳು, ಉಳಿದವರು ಕೊಳ್ಳಲು ಬಂದ ಸಾಹುಕಾರರು. ಹೋರಿಯಾದವರು ಮಂಡಿಯೂರಿ ಬಾಯಿ ತೆರೆಯಬೇಕು, ಸಾಹುಕಾರರು ಬಗ್ಗಿ ಹಲ್ಲು ನೋಡಬೇಕು.

"ಇದು ಒಲ್ಲೆ ಮುತ್ಯಾ, ದವಡಿ ಹಲ್ಲಾಗ ಕರಿ ತೂತು ಐತಿ."

"ಬೆಲ್ಲ ಕದ್ದು ತಿಂದ ಹೋರಿ ಅದು. ಬಾಯಿ ಮುಕ್ಕಳಿಸಿ ಬಾ ಅನ್ನು, ಆಮ್ಯಾಲ ವ್ಯಾಪಾರ" ಎನ್ನುತ್ತಾರೆ ಗ್ಯಾನಪ್ಪ, ಬೇವಿನ ಕಡ್ಡಿಗಳನ್ನು ಗೇಣುದ್ದಕ್ಕೆ ಮುರಿಯುತ್ತ.

ಕುಕನೂರಿನ ಗಾಡಿದಾರಿಯಲ್ಲಿರುವ ಈ ಊರಿನ ಸಾಲೆಗೆ ಗ್ಯಾನಪ್ಪ ಜವಾನ. ಗಂಟೆ ಬಾರಿಸುವುದು, ಕಸ ಹೊಡೆಯುವುದು, ನೀರು ತುಂಬುವುದು ಸರಕಾರ ಒಪ್ಪಿಸಿದ ಕೆಲಸ. ಮಕ್ಕಳ ಬಾಯಿಯ ಕೆಲಸವನ್ನು ಯಾರೂ ಒಪ್ಪಿಸಿದ್ದಲ್ಲ. ಮೊದಲು ಅವರು ಯಲಬುರ್ಗಿ, ಕುಷ್ಟಗಿ ಸೀಮೆಯ ಸಂತೆಗಳಲ್ಲಿ ದನದ ದಲಾಲಿಯಾಗಿದ್ದರು. ಎತ್ತೊಂದು ಒದ್ದು ಕಾಲು ಮುರಿದ ಮೇಲೆ ತಿರುಗಾಟ ನಿಂತಿತು.

"ಗಂಟಿ ಹೊಡದು ಖಾಲಿ ಕುಂದರತಿದ್ನಿ. ಮಕ್ಕಳು ಆಕಳಿಸಿದ್ರ ಕಣ್ಣು ಸೀದಾ ಬಾಯಾಗ ಹೋಗತಿತ್ತು. ಹಳಿ ಚಟ ನೋಡ್ರಿ. ಎತ್ತಿನ ಬಾಯಿ ಹತ್ತು ಮಂದಿ ನೋಡ್ತಾರ, ಇವರದು ಯಾರೂ ನೋಡೇ ಇಲ್ಲ" ಎನ್ನುತ್ತಾರೆ ಕೇಳಿದವರಿಗೆ.

ಅವರ ಪಾಠ ಚಿಕ್ಕದು. "ಎತ್ತಿಗೆ ಮ್ಯಾಲಿನ ಮುಂದಿನ ಹಲ್ಲು ದೇವರು ಕೊಟ್ಟೇ ಇಲ್ಲ. ನಿಮಗ ಕೊಟ್ಟಾನ, ಅದೂ ಎರಡು ಸಲ. ಮೂರನೇ ಸಲ ಕೇಳಾಕ ಹೋಗಬ್ಯಾಡ್ರಿ" ಎಂದಾಗ ಮಕ್ಕಳು ಬೆರಳಿನಿಂದ ತಮ್ಮ ಹಲ್ಲು ಮುಟ್ಟಿ ನೋಡಿಕೊಳ್ಳುತ್ತವೆ. ಇಟ್ಟಂಗಿ ಪುಡಿ ಹಚ್ಚಿ ಉಜ್ಜಬಾರದು, ಕಡ್ಡಿಯ ತುದಿ ಕುಂಚದ ಹಾಗಾಗುವವರೆಗೆ ಅಗಿಯಬೇಕು, ಉಂಡ ಮೇಲೆ ಮುಕ್ಕಳಿಸಬೇಕು. ಅಷ್ಟೇ.

ಆದರೆ ಬಾಯಿ ತೆರೆಯದ ಮಕ್ಕಳೂ ಇದ್ದಾರೆ. ಅವರಿಗಾಗಿಯೇ ಗ್ಯಾನಪ್ಪ ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸುತ್ತಾರೆ. ಸಂತೆಯಲ್ಲಿ ದಲಾಲರು ಹಾಗೆ ಬಟ್ಟೆಯಡಿ ಬೆರಳು ಹಿಡಿದು, ಮಾತಿಲ್ಲದೆ ಬೆಲೆ ಹೇಳುತ್ತಾರೆ. ಇಲ್ಲಿ ಮಗು ಒಂದು ಬೆರಳು ಹಿಡಿದರೆ ಮೇಲಿನ ಹಲ್ಲು, ಎರಡು ಹಿಡಿದರೆ ಕೆಳಗಿನದು. ಇಡೀ ಕೈ ಹಿಚುಕಿದರೆ, ನೋವಿಗೆ ನಿದ್ದೆಯೇ ಇಲ್ಲ ಎಂದರ್ಥ. ಬಾಯಿ ಹೇಳಲಾರದ್ದನ್ನು ಇಷ್ಟು ಚಿಕ್ಕ ಕೈಗಳು ಹೇಳುತ್ತವೆ.

ಏಳು ವರ್ಷದ ಅನ್ನಮ್ಮ ಎರಡು ತಿಂಗಳಿಂದ ಅಂಗಿಯ ತೋಳು ಬಾಯಿಗೆ ಒತ್ತಿಕೊಂಡೇ ಕೂರುತ್ತಿದ್ದಳು. ಒಂದು ಮುಂಜಾನೆ ವಲ್ಲಿಯಡಿ ಕೈಯಿಟ್ಟಳು. ಇಡೀ ಕೈ ಹಿಚುಕಿದವಳು ಬಿಡಲೇ ಇಲ್ಲ.

ಅದೇ ಹೊತ್ತಿಗೆ ಬುತ್ತಿ ತಂದ ಅವಳ ಅಜ್ಜಿ ಹೊಳಿಯಮ್ಮನ ಕಣ್ಣಿಗೆ ಅದು ಬಿತ್ತು. ಲಡಾಯಿಯ ಕಾಲ. ದಂಡಿಗೆ ಆಳು ಹಿಡಿಯುತ್ತಾರೆ, ಮಕ್ಕಳನ್ನೂ ಒಯ್ಯುತ್ತಾರೆ ಎಂದು ಬಾವಿಕಟ್ಟೆಯಲ್ಲಿ ದಿನಾ ಸುದ್ದಿ. ಬಾಯಿ ತೆರೆಸುವುದು, ಹಲ್ಲು ನೋಡುವುದು, ಮೇಲೆ ವಲ್ಲಿ ಹೊದಿಸುವುದು: ಈ ಸೀಮೆಯವರಿಗೆ ಅದರ ಅರ್ಥ ಒಂದೇ, ಮಾರಾಟ.

"ನಿನ್ನ ದಲಾಲಿ ಮಕ್ಕಳ ಮ್ಯಾಲೂ ಬಂತೇನೋ ಗ್ಯಾನ್ಯಾ? ನನ್ನ ಮೊಮ್ಮಗಳಿಗೆ ಎಷ್ಟು ಕಟ್ಟಿದಿ?"

ಅವಳು ಮೊಮ್ಮಗಳನ್ನು ಎಳೆದುಕೊಂಡು ಹೋದಳು. ಮರುದಿನ ಅರ್ಧ ಸಾಲೆ ಖಾಲಿ. ಶಬ್ಬೀರಸಾಬ ಮಾಸ್ತರರು ಮೆಲ್ಲಗೆ ಹೇಳಿದರು: "ನಾಕು ದಿನ ಸುಮ್ಮನಿರ್ರಿ ಗ್ಯಾನಪ್ಪ. ಮಂದಿ ತಣ್ಣಗಾಗಲಿ."

"ಮಂದಿ ತಣ್ಣಗಾಗ್ತಾರ್ರಿ ಮಾಸ್ತರ್ರ. ಕೀವು ತಣ್ಣಗಾಗಂಗಿಲ್ಲ."

ದವಡೆಯಲ್ಲಿ ಕೀವು ತುಂಬಿದ ಎತ್ತು ಮೇವು ಬಿಟ್ಟು ಸತ್ತದ್ದನ್ನು ಗ್ಯಾನಪ್ಪ ಕಂಡಿದ್ದರು. ಆ ಸಂಜೆಯೇ ಕುಂಟುತ್ತ ಹೊಳಿಯಮ್ಮನ ಮನೆಗೆ ಹೋದರು. ಅನ್ನಮ್ಮ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಬಿದ್ದಿದ್ದಳು. ಗಲ್ಲ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಒಸಡಿಗೆ ಅಜ್ಜಿ ಸುಟ್ಟ ತಂಬಾಕಿನ ಪುಡಿ ಒತ್ತಿದ್ದಳು.

"ಕೊಪ್ಪಳದ ದವಾಖಾನಿಗೆ ಒಯ್ಯವ್ವಾ" ಎಂದರು ಗ್ಯಾನಪ್ಪ.

"ಒಯ್ದು ಯಾರ ಕೈಯಾಗ ಕೊಡ್ಲಿ? ನೀ ಮೊದಲು ಹೊರಗ ನಡಿ."

ಅವರು ಎದ್ದರು. ಎದ್ದವರ ವಲ್ಲಿಯ ತುದಿ ಯಾರೋ ಜಗ್ಗಿದಂತಾಯಿತು. ಅನ್ನಮ್ಮ ಅದನ್ನು ಹೆಗಲಿಂದ ಎಳೆದುಕೊಂಡು, ಅಜ್ಜಿಯ ಕೈಯ ಮೇಲೆ ಹೊದಿಸಿ, ತನ್ನ ಕೈ ಕೆಳಗೆ ತೂರಿಸಿದಳು.

"ಏನಿದು? ಏನು ಹಿಚುಕಾಕತ್ತಾಳ?" ಎಂದಳು ಹೊಳಿಯಮ್ಮ.

"ಅದು ಬೆಲೆ ಅಲ್ಲವ್ವಾ. ಬ್ಯಾನಿ. ನಿದ್ದಿ ಇಲ್ಲ ಅಂತ ಹೇಳಾಕತ್ತಾಳ, ನಿನಗ."

ಹೊಳಿಯಮ್ಮ ವಲ್ಲಿ ಸರಿಸಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗ ಕನಕಪ್ಪನ ಕಡೆ ನೋಡದೆಯೇ ಅವಳು ಕೊನೆಗೆ ಒಂದು ಮಾತು ಹೇಳಿದಳು: "ಗಾಡಿ ಕಟ್ಟೋ."

ಕೊಪ್ಪಳದಲ್ಲಿ ಡಾಕ್ಟರರು ಹಲ್ಲು ಕಿತ್ತು ಕೀವು ತೆಗೆದರು. ಹಾಲುಹಲ್ಲು, ಇನ್ನೊಂದು ಬರುತ್ತದೆ ಎಂದರಂತೆ. ಆ ಮಾತನ್ನು ಈಗ ಬಾವಿಕಟ್ಟೆಯಲ್ಲಿ ಎಲ್ಲರಿಗೂ ಹೇಳುವವಳು ಹೊಳಿಯಮ್ಮನೇ. ಬಾರದೆ ಉಳಿದಿದ್ದ ಮಕ್ಕಳು ಒಬ್ಬೊಬ್ಬರಾಗಿ ಸಾಲೆಗೆ ಮರಳಿದ್ದಾರೆ.

ಇಂದು ಅನ್ನಮ್ಮ ಸಾಹುಕಾರ್ತಿ. ಅಂಗಳವೆಲ್ಲ ತಿರುಗಿದರೂ ಒಂದು ಹೋರಿಯೂ ಅವಳ ಮನಸ್ಸಿಗೆ ಬಂದಿಲ್ಲ. ಕಡೆಗೆ ಗ್ಯಾನಪ್ಪನವರ ಮುಂದೆ ನಿಲ್ಲುತ್ತಾಳೆ.

"ಮುತ್ಯಾ, ನೀ ಬಾಯಿ ತೆಗಿ."

ಗ್ಯಾನಪ್ಪ ಕಟ್ಟೆಯ ಮೇಲೆ ಕೂತೇ ಬಾಯಿ ತೆರೆಯುತ್ತಾರೆ. ಅಲ್ಲಿ ಉಳಿದ ಹಲ್ಲು ಬೆರಳೆಣಿಕೆಯಷ್ಟು. ಅನ್ನಮ್ಮ ಅತ್ತಿಂದಿತ್ತ ಬಗ್ಗಿ ನೋಡುತ್ತಾಳೆ.

"ಮುದಿ ಎತ್ತು ಇದು. ಯಾರೂ ಒಯ್ಯಂಗಿಲ್ಲ."

"ಹಂಗಾರ ಏನು ಮಾಡೂದವ್ವಾ?"

"ಸಾಲ್ಯಾಗ ಇರಲಿ. ಮೇವು ನಾ ಹಾಕ್ತೀನಿ."

ಗ್ಯಾನಪ್ಪ ಬಾಯಿ ಮುಚ್ಚಿ ವಲ್ಲಿಯನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಕೋಲೂರಿ ಏಳುತ್ತಾರೆ, ಗಂಟೆಯ ಕಡೆ ನಡೆಯುತ್ತ ಮಾಸ್ತರರಿಗೆ ಹೇಳುತ್ತಾರೆ:

"ಭಾಳ ವರ್ಷ ದಲಾಲಿ ಮಾಡೀನ್ರಿ. ಇಂಥಾ ಗಿರಾಕಿ ನೋಡಿದ್ದಿಲ್ಲ."