ನಾಲ್ಕು ಬಾಗಿಲಿನ ಗಾಡಿ, ಮೂರು ಮನಸ್ಸು

ಪೇಟೆಬೀದಿಯ ಕನ್ನಡಕದಂಗಡಿಯವರಿಗೆ ಅಕ್ಕಪಕ್ಕದವರು ಇಟ್ಟ ಹೆಸರು ‘ಇದಾ-ಅದಾ’. ಮೂವತ್ತೊಂದು ವರ್ಷದಿಂದ ಅವರು ಹಿಂದಿನ ಕತ್ತಲೆ ಕೋಣೆಯಲ್ಲಿ ಗಿರಾಕಿಯನ್ನು ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ ಕೇಳುತ್ತ ಬಂದದ್ದು ಒಂದೇ ಪ್ರಶ್ನೆ: ‘ಇದು ಚೆನ್ನಾಗಿ ಕಾಣತ್ತಾ, ಅದಾ?’ ಗಿರಾಕಿ ತಡವರಿಸಿದರೆ ಅವರಿಗೆ ಸಿಟ್ಟು. ನೋಡುವುದು ನಿಮ್ಮ ಕಣ್ಣು, ಹೇಳಬೇಕಾದವರೂ ನೀವೇ, ನಾನೇನು ನಿಮ್ಮ ಕಣ್ಣೊಳಗೆ ಹೊಕ್ಕು ಕೂತಿದ್ದೇನೆಯೇ ಎಂದು ಗದರುತ್ತಿದ್ದರು. ಅಂಥವರು ಒಂದು ಗಾಡಿ ಆರಿಸಲು ಮೂರು ತಿಂಗಳು ಹೊರಳಾಡಿದರೆ ಬೀದಿಯವರು ನಗದೆ ಇರುತ್ತಾರೆಯೇ.

ಗಾಡಿ ಬೇಕಾಗಿದ್ದು ಷೋಕಿಗಲ್ಲ. ವಾರದ ರಜೆಯ ದಿನ ಗಂಡ ಹೆಂಡತಿ ಇಬ್ಬರೂ ಲೆನ್ಸಿನ ಪೆಟ್ಟಿಗೆ, ಅಕ್ಷರದ ಪಟ, ಇನ್ನೂರು ಫ್ರೇಮುಗಳ ಟ್ರಂಕು ಹೇರಿಕೊಂಡು ಗುಡ್ಡದ ಮೇಲಿನ ಕಲ್ಲುಗಣಿಗಳಿಗೆ ಅಲ್ಲಿನ ಕೆಲಸಗಾರರ ಕಣ್ಣು ನೋಡಲು ಹೋಗುವುದು ಹಳೆಯ ಪದ್ಧತಿ. ಅಲ್ಲಿಗೆ ದಾರಿ ಎಂಬುದು ಹೆಸರಿಗೆ ಮಾತ್ರ, ಇರುವುದೆಲ್ಲ ಲಾರಿ ತುಳಿದ ಹೊಂಡಗಳು. ಆ ದಾರಿಯಲ್ಲಿ ಇಪ್ಪತ್ತು ವರ್ಷ ಎಳೆದ ಎರಡು ಬಾಗಿಲಿನ ಜೀಪಿನ ಹೊಟ್ಟೆ ತುಕ್ಕು ಹಿಡಿದು ಉದುರತೊಡಗಿತು. ಗ್ಯಾರೇಜು ಇಟ್ಟಿರುವ ಭಾಮೈದ ಅದರ ಕೆಳಗಿನಿಂದ ತೆವಳಿ ಹೊರಬಂದು, ಇನ್ನು ಇದಕ್ಕೆ ಕೈ ಹಾಕುವುದಿಲ್ಲ ಎಂದುಬಿಟ್ಟ. ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಚಿ ನುಸುಳಬೇಕಾಗಿದ್ದ ಆ ಜೀಪು ಹೋಯಿತೆಂದು ಹೆಂಡತಿ ಕಣ್ಣೀರೇನೂ ಹಾಕಲಿಲ್ಲ. ಹೊಸದಾಗಿ ಬರುವ ಗಾಡಿಗೆ ನಾಲ್ಕು ಬಾಗಿಲು ಇರಲಿ, ಗುಡ್ಡ ಹತ್ತಲಿ, ಅಷ್ಟು ಸಾಕು ಎಂದಳು.

ಗಾಡಿ ಯಾವುದೆಂದು ಒಂದೇ ವಾರದಲ್ಲಿ ತೀರ್ಮಾನವಾಯಿತು. ತಕರಾರು ಶುರುವಾದದ್ದು ಆಮೇಲೆ. ಒಂದೇ ಗಾಡಿ, ಒಂದೇ ಎಂಜಿನ್ನು, ನಾಲ್ಕೂ ಚಕ್ರಕ್ಕೆ ಅದೇ ಎಳೆತ. ಆದರೆ ಒಳಗಿನ ಸರಂಜಾಮಿನ ಲೆಕ್ಕದಲ್ಲಿ ಅದಕ್ಕೆ ಮೂರು ದರ್ಜೆ: ಬೇಸ್, ಮಿಡ್, ಟಾಪ್. ಶೋರೂಮಿನವರು ಕೊಟ್ಟ ಬಣ್ಣದ ಕಾಗದದಲ್ಲಿ ಮೂರು ಸಾಲು, ಸಾಲಿನುದ್ದಕ್ಕೂ ಸಣ್ಣ ಸಣ್ಣ ಗುರುತು. ಬೇಸಿನಲ್ಲಿ ಬಟ್ಟೆಯ ಸೀಟು, ಕಬ್ಬಿಣದ ಚಕ್ರ, ಕೈಯಿಂದ ತಿರುಗಿಸುವ ಕನ್ನಡಿ. ಮಿಡ್ಡಿನಲ್ಲಿ ಇನ್ನೊಂದಿಷ್ಟು. ಟಾಪಿನಲ್ಲಿ ಚರ್ಮದ ಸೀಟು, ತಲೆಯ ಮೇಲೆ ತೆರೆಯುವ ಮಾಡು, ಸುತ್ತಲೂ ಕ್ಯಾಮೆರಾ, ಪಕ್ಕದಲ್ಲಿ ಯಾರಾದರೂ ಬಂದರೆ ಕೂಗಿ ಎಚ್ಚರಿಸುವ ಯಂತ್ರ. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟಿದ್ದ ಆ ಕಾಗದ ಮಡಿಕೆಯಲ್ಲಿ ಹರಿದು, ಅಂಟುಪಟ್ಟಿ ಹಚ್ಚಿಸಿಕೊಂಡು, ಮತ್ತೆ ಹರಿಯಿತು.

ಭಾಮೈದ ಬೇಸಿನ ಪಕ್ಷ. ‘ಭಾವ, ಬೇಸ್ ತಗೊಳ್ಳಿ. ಇಲ್ಲದೇ ಇರೋದು ಕೆಡೋದೂ ಇಲ್ಲ,’ ಎಂಬುದು ಅವನ ವೇದವಾಕ್ಯ. ಕನ್ನಡಕದವರು ಬೆಳಿಗ್ಗೆ ಹೌದೆಂದು ತಲೆಯಾಡಿಸುವರು, ಮಧ್ಯಾಹ್ನ ಟಾಪಿನ ಸಾಲಿನ ಮೇಲೆ ಬೆರಳಾಡಿಸುವರು, ಸಂಜೆ ಅಂಗಡಿಯ ಬಾಗಿಲಿಗೆ ಬಂದು ಹೋಗುವ ಗಾಡಿಗಳನ್ನು ನೋಡುತ್ತ ನಿಲ್ಲುವರು. ಟಾಪ್ ಯಾಕೆ ಎಂದು ಹೆಂಡತಿ ಕೇಳಿದರೆ ಒಂದು ದಿನ ಚರ್ಮದ ಸೀಟು ಒರೆಸುವುದು ಸುಲಭ ಎಂದರು, ಇನ್ನೊಂದು ದಿನ ಹಾಡು ಚೆನ್ನಾಗಿ ಕೇಳುತ್ತದೆ ಎಂದರು. ಜೀವಮಾನದಲ್ಲಿ ಒಂದು ಹಾಡನ್ನು ಕೊನೆಯವರೆಗೆ ಕೇಳಿದವರಲ್ಲ ಅವರು. ಆಕೆ ಬಿಸಿ ಮಾಡಿದ ಫ್ರೇಮಿನ ಕಾಲನ್ನು ಬಗ್ಗಿಸುತ್ತಿದ್ದವಳು ತಲೆಯೆತ್ತಿ ನೋಡಿ ಮತ್ತೆ ಬಗ್ಗಿಸಿದಳು.

ನಿಜ ಬೇರೆಯೇ ಇತ್ತು. ಏಳು ತಿಂಗಳ ಹಿಂದೆ ಅವರು ಹೆಂಡತಿಗೂ ಹೇಳದೆ ದೊಡ್ಡ ಕಣ್ಣಾಸ್ಪತ್ರೆಗೆ ಹೋಗಿ ಬಂದಿದ್ದರು. ಕಣ್ಣಿನೊಳಗಿನ ಒತ್ತಡ ಏರಿ ಎಡಗಣ್ಣಿನ ನರ ಒಣಗಿದೆ, ಎಡಪಕ್ಕದ ನೋಟ ಹೋಗಿದೆ, ಹೋದದ್ದು ಮರಳುವುದಿಲ್ಲ, ಬಲಗಣ್ಣನ್ನಾದರೂ ಉಳಿಸಿಕೊಳ್ಳಲು ದಿನಾ ಹನಿ ಹಾಕಿ ಎಂದು ಡಾಕ್ಟರು ಹೇಳಿದ್ದರು. ಗಾಡಿ ಓಡಿಸುವುದರ ಬಗ್ಗೆಯೂ ಹೇಳಿದ್ದರು. ಇವರು ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಲು ನೋಡಿದರು, ಆದರೆ ಅದು ಒಳಗೇ ಉಳಿಯಿತು. ಹನಿಯ ಬಾಟಲಿಯನ್ನು ಲೆನ್ಸಿನ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟು, ಅಂಗಡಿ ಮುಚ್ಚುವ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಕದ್ದು ಹಾಕಿಕೊಳ್ಳುತ್ತಿದ್ದರು. ಎದುರಿಗಿರುವುದು ಅವರಿಗೆ ಈಗಲೂ ಚೊಕ್ಕವಾಗಿ ಕಾಣುತ್ತದೆ, ಪಟದ ಕೊನೆಯ ಸಾಲನ್ನೂ ಓದುತ್ತಾರೆ. ಎಡಕ್ಕೆ ಮಾತ್ರ ಆನೆ ಬಂದು ನಿಂತರೂ ತಿಳಿಯದು. ಊರಿನ ಕಣ್ಣು ನೋಡುವವನ ಕಣ್ಣೇ ಹೀಗಾದರೆ ಜನ ದೀಪದ ಬುಡದಲ್ಲಿ ಕತ್ತಲೆ ಎನ್ನದೆ ಬಿಡುತ್ತಾರೆಯೇ.

ಟಾಪಿನ ಆಸೆ ಹುಟ್ಟಿದ್ದು ಇಲ್ಲಿಂದ. ಕಾಣದ ಪಕ್ಕವನ್ನು ಗಾಡಿಯೇ ನೋಡಿಕೊಂಡರೆ ಸ್ಟೀರಿಂಗು ತಮ್ಮ ಕೈಯಲ್ಲೇ ಉಳಿಯುತ್ತದೆ ಎಂಬ ಲೆಕ್ಕಾಚಾರ. ಗುಡ್ಡದ ದಾರಿಯಲ್ಲಿ ಗಾಡಿ ಹತ್ತಿಸುವಾಗ ಅವರು ಬೇರೆಯೇ ಮನುಷ್ಯ. ಗಣಿಯ ಮಕ್ಕಳು ಜೀಪಿನ ಸದ್ದು ಕೇಳಿಯೇ ಓಡಿ ಬರುತ್ತಿದ್ದವು. ಅದೂ ಹೋದರೆ ಉಳಿಯುವುದು ಕತ್ತಲೆ ಕೋಣೆ ಮತ್ತು ಒಂದು ಸ್ಟೂಲು. ಅದನ್ನು ನೆನೆದಾಗಲೆಲ್ಲ ಅವರಿಗೆ ಭಯವಾಗುತ್ತಿತ್ತು, ಆ ಭಯ ಸಿಡುಕಾಗಿ ಗಿರಾಕಿಗಳ ಮೇಲೆ ಬೀಳುತ್ತಿತ್ತು.

ಬೇಸಿನ ಕಡೆಗೆ ಎಳೆಯುತ್ತಿದ್ದದ್ದು ಮತ್ತೊಂದು ನೆನಪು. ಐದು ವರ್ಷದ ಹಿಂದೆ ಒಬ್ಬ ಲಾರಿ ಡ್ರೈವರು ಓದುವ ಕನ್ನಡಕ ಮಾಡಿಸಲು ಬಂದಿದ್ದ. ಇವರು ಅವನ ಮುಂದೆ ಕೂತು, ನನ್ನ ಮೂಗನ್ನೇ ನೋಡು ಎಂದು ಹೇಳಿ, ತಮ್ಮ ಕೈಗಳನ್ನು ಎರಡೂ ಪಕ್ಕಕ್ಕೆ ಚಾಚಿ ಬೆರಳು ಆಡಿಸಿದ್ದರು. ಅವನಿಗೆ ಬೆರಳು ಕಾಣಲಿಲ್ಲ. ಕಾಣದ ಜಾಗಕ್ಕೆ ಹಾಕುವ ಗಾಜು ಯಾವ ಪೆಟ್ಟಿಗೆಯಲ್ಲೂ ಇಲ್ಲ, ಇವತ್ತೇ ಸ್ಟೀರಿಂಗು ಬಿಡು ಎಂದು ನೇರವಾಗಿ ಹೇಳಿ ಆಸ್ಪತ್ರೆಗೆ ಅಟ್ಟಿದ್ದರು. ಅವನು ಬಾಗಿಲ ಬಳಿ ತಿರುಗಿ, ‘ನಿಮಗೆ ಹೇಳೋದು ಸುಲಭ ಬಿಡಿ,’ ಎಂದು ಹೋಗಿದ್ದ. ಆವತ್ತು ಸರಿಯಾದ ಮಾತು ಹೇಳಿದೆನೆಂದು ಚೆನ್ನಾಗಿ ಊಟ ಮಾಡಿದ್ದ ಇವರಿಗೆ, ಈಗ ಟಾಪಿನ ಸಾಲಿನ ಮೇಲೆ ಬೆರಳಿಟ್ಟಾಗಲೆಲ್ಲ ಅವನ ಮುಖ ಕಾಣುತ್ತಿತ್ತು. ಮೋಸ ಮಾಡುವುದಾದರೆ ಅಗ್ಗದ ಗಾಡಿಯಲ್ಲೇ ಮಾಡಿದರಾಯಿತು, ಯಂತ್ರದ ನೆಪ ಬೇರೆ ಯಾಕೆ ಎಂದು ಕಾಗದ ಮಡಚುವರು. ಹತ್ತು ನಿಮಿಷಕ್ಕೆ ಮತ್ತೆ ಬಿಚ್ಚುವರು. ಅತ್ತ ದರಿ ಇತ್ತ ಪುಲಿ.

ಹೆಂಡತಿಯ ವಿಷಯವನ್ನೂ ಹೇಳಬೇಕು. ಆಕೆ ಕುಳ್ಳಿ, ಅಂಗಡಿಯ ಗಾಜಿನ ಮೇಜಿನ ಹಿಂದೆ ಮಣೆ ಹಾಕಿಕೊಂಡು ನಿಲ್ಲುವಷ್ಟು ಕುಳ್ಳಿ. ಮದುವೆಗೆ ಮುಂಚೆ ಅವಳ ಅಪ್ಪನ ಹಾಲಿನ ವ್ಯಾನನ್ನು, ಎರಡು ದಿಂಬು ಒಂದರ ಮೇಲೊಂದು ಇಟ್ಟುಕೊಂಡು, ನಾಲ್ಕು ವರ್ಷ ಓಡಿಸಿದವಳು. ದೂರದಿಂದ ನೋಡಿದರೆ ವ್ಯಾನು ತಾನೇ ತಾನಾಗಿ ಬರುವಂತೆ ಕಾಣುತ್ತಿತ್ತಂತೆ. ಮದುವೆಯಾದ ಮೇಲೆ ಓಡಿಸುವವರು ಗಂಡ ಎಂದಾಯಿತು. ಯಾರೂ ಹಾಗೆಂದು ಹೇಳಿದ್ದಲ್ಲ, ಆಕೆ ಕೇಳಿದ್ದೂ ಅಲ್ಲ.

ಆದರೆ ಜೀಪಿನ ಕೊನೆಯ ದಿನಗಳಲ್ಲಿ ಪಕ್ಕದಲ್ಲಿ ಕೂತು ಆಕೆ ದಾರಿ ಹೇಳತೊಡಗಿದ್ದಳು. ರೀ ಎಡಕ್ಕೆ ಹೊಂಡ, ರೀ ಎಡಗಡೆ ಹುಡುಗ. ನನಗೇನು ಕಣ್ಣಿಲ್ಲವೇ ಎಂದು ಅವರು ಕಾಲು ಕೆರೆದು ಜಗಳಕ್ಕೆ ನಿಲ್ಲುತ್ತಿದ್ದರು. ಆಕೆ ಮಾತು ಬೆಳೆಸುತ್ತಿರಲಿಲ್ಲ, ಮುಂದಿನ ಹೊಂಡ ಬಂದಾಗ ಮತ್ತೆ ಹೇಳುತ್ತಿದ್ದಳು. ಹೋದ ತಿಂಗಳು ಇದ್ದಕ್ಕಿದ್ದಂತೆ ಹಿಂದಿನ ಕೋಣೆಗೆ ಬಂದು ಗಿರಾಕಿಯ ಕುರ್ಚಿಯಲ್ಲಿ ಕೂತು, ನನ್ನ ಕಣ್ಣನ್ನೂ ಒಂದು ಸಲ ನೋಡಿ ಎಂದಳು. ಅವರು ನೋಡಿದರು. ಓದಲು ಗಾಜು ಬೇಕು, ದೂರಕ್ಕೆ ಏನೂ ಬೇಡ, ಎರಡೂ ಪಕ್ಕ ಚೆನ್ನಾಗಿದೆ. ಸಮಾಧಾನವಾಯಿತೆಂದು ಎದ್ದು ಹೋದಳು. ಯಾಕೆ ಕೇಳಿದಳೆಂದು ವಿಚಾರಿಸುವಷ್ಟು ಪುರಸೊತ್ತು ಅವರ ಮನಸ್ಸಿಗೆ ಇರಲಿಲ್ಲ.

ಗಣಿಯಿಂದ ಹೇಳಿ ಕಳಿಸತೊಡಗಿದರು. ಮೂರು ತಿಂಗಳಿಂದ ಯಾಕೆ ಬಂದಿಲ್ಲ ಎಂದು. ಕೊನೆಗೆ ಹೆಂಡತಿಯೇ ಅಂಗಡಿಗೆ ಅರ್ಧ ದಿನ ಬೀಗ ಹಾಕಿಸಿ ಅವರನ್ನು ಶೋರೂಮಿಗೆ ಹೊರಡಿಸಿದಳು. ಆಟೋದಲ್ಲಿ ಅವರು ಕಾಗದವನ್ನು ನಾಲ್ಕು ಸಲ ಬಿಚ್ಚಿದರು.

ಶೋರೂಮಿನ ನೆಲ ಮುಖ ನೋಡಿಕೊಳ್ಳುವಷ್ಟು ನುಣುಪಾಗಿತ್ತು. ಅಲ್ಲಿ ಗಾಡಿ ತೋರಿಸುವ ಹೆಣ್ಣುಮಗಳು ಇವರ ಗುರುತು ಹಿಡಿದು, ಇವತ್ತು ಓಡಿಸಿಯೇ ನೋಡಿ ಎಂದು ಟಾಪಿನ ಕೀಲಿ ತಂದಳು. ಗಾಡಿಯ ಗುಣ ವಿವರಿಸಲು ಅವಳು ಮುಂದಿನ ಎಡಗಡೆ ಸೀಟಿನಲ್ಲಿ ಕೂತಳು. ಹೆಂಡತಿ ತನಗೆ ಇಷ್ಟವಾಗಿದ್ದ ಹಿಂದಿನ ಬಾಗಿಲು ತೆಗೆದು, ಯಾವುದನ್ನೂ ಮಡಚದೆ, ರಾಜಠೀವಿಯಲ್ಲಿ ಹಿಂದೆ ಕೂತಳು. ಹೀಗಾಗಿ ಇಷ್ಟು ವರ್ಷದಲ್ಲಿ ಮೊದಲ ಸಲ ಅವರ ಎಡಕ್ಕೆ ಆಕೆ ಇರಲಿಲ್ಲ.

ಗಾಡಿ ಹೂವಿನ ಹಾಗೆ ಹೊರಟಿತು. ಎರಡು ರಸ್ತೆ ದಾಟುವಷ್ಟರಲ್ಲಿ ಅವರ ಭುಜ ಸಡಿಲಾಯಿತು, ಮುಖದ ಮೇಲೆ ಹಳೆಯ ಕಳೆ ಬಂತು. ಟಾಪೇ ಸೈ ಎಂದು ಒಳಗೊಳಗೇ ನಿರ್ಧರಿಸಿ ಎಡಕ್ಕೆ ತಿರುಗಿಸಿದರು. ಗಾಡಿ ಕೀಂಯ್ಗುಟ್ಟಿತು. ಏನೆಂದು ಅವರಿಗೆ ತಿಳಿಯಲಿಲ್ಲ. ಎಚ್ಚರಿಕೆಯ ಕೆಂಪು ದೀಪ ಹೊತ್ತಿಕೊಂಡಿತ್ತು, ಆದರೆ ಅದು ಹೊತ್ತಿಕೊಂಡದ್ದು ಎಡಗಡೆಯ ಕನ್ನಡಿಯಲ್ಲಿ, ಅವರಿಗೆ ಕಾಣದ ಜಾಗದಲ್ಲಿ. ಹಿಂದಿನಿಂದ ಹೆಂಡತಿ, ‘ನಿಲ್ಲಿಸಿ,’ ಎಂದಳು. ಅವರು ಬ್ರೇಕು ತುಳಿದರು. ಗಾಡಿಯ ಮೂತಿಗೂ ಪಾದಚಾರಿ ಕಟ್ಟೆಗೂ ನಡುವೆ ಒಬ್ಬ ಮುದುಕ ಸೈಕಲ್ಲು ಹಿಡಿದು, ಒಂದು ಕಾಲು ನೆಲಕ್ಕೂರಿ ನಿಂತಿದ್ದ. ಅವನು ಬೈಯಲಿಲ್ಲ. ಸೈಕಲ್ಲಿನ ಹ್ಯಾಂಡಲು ನೇರ ಮಾಡಿಕೊಂಡು, ಇವರ ಮುಖವನ್ನೊಮ್ಮೆ ನೋಡಿ ಹೋದ.

ನೋಡಿದಿರಾ ಎಷ್ಟು ಉಪಯೋಗ ಎಂದು ಹೆಣ್ಣುಮಗಳು ನಗುತ್ತ ಹೇಳಿದಳು. ವಾಪಸು ಬರುವ ದಾರಿಯುದ್ದಕ್ಕೂ ಅವರು ಗಾಡಿಯನ್ನು ನಡೆಯುವ ವೇಗದಲ್ಲಿ ಓಡಿಸಿದರು.

ಮೇಜಿನ ಮುಂದೆ ಕೂತಾಗ ಅದೇ ಮೂರು ಸಾಲಿನ ಕಾಗದದ ಹೊಸ ಪ್ರತಿ ಬಂತು. ಯಾವುದು ಬರೆದುಕೊಳ್ಳಲಿ ಎಂದು ಹೆಣ್ಣುಮಗಳು ಪೆನ್ನು ಹಿಡಿದಳು. ಅವರು ಬೇಸ್ ಎಂದರು, ಅಲ್ಲ ಟಾಪ್ ಎಂದರು, ನಾಳೆ ಹೇಳುತ್ತೇನೆ ಎಂದು ಎದ್ದೇಬಿಟ್ಟರು. ಆಗ ಹೆಂಡತಿ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು. ಮೂರು ತಿಂಗಳಲ್ಲಿ ಆಕೆ ಅದನ್ನು ಮುಟ್ಟಿದ್ದು ಅದೇ ಮೊದಲು.

‘ಡ್ರೈವರ್ ಸೀಟನ್ನ ಎತ್ತರ ಮಾಡ್ಕೊಳ್ಳೋಕೆ ಯಾವುದ್ರಲ್ಲಿ ಆಗತ್ತಮ್ಮ?’

ಹೆಣ್ಣುಮಗಳು ಸಾಲು ಹುಡುಕಿ ಬೆರಳಿಟ್ಟಳು. ‘ಬೇಸಲ್ಲಿ ಇಲ್ಲ ಮೇಡಂ, ಮಿಡ್ಡಿಂದ ಇದೆ. ಆದ್ರೆ ಸರ್ ಇಷ್ಟು ಎತ್ತರ ಇದಾರಲ್ಲ, ಅವರಿಗೆ ಅದು ಬೇಕಾಗಲ್ಲ.’

ಹೆಂಡತಿ ಅದೇ ಸಾಲಿನ ಮೇಲೆ ತನ್ನ ಬೆರಳೂ ಇಟ್ಟಳು. ಗಂಡನ ಕಡೆಗೆ ತಿರುಗಲಿಲ್ಲ. ಬೆರಳನ್ನು ತೆಗೆಯಲೂ ಇಲ್ಲ. ಆ ಬೆರಳನ್ನು ನೋಡುತ್ತಿದ್ದಂತೆ ಅವರಿಗೆ ಎಲ್ಲವೂ ಒಟ್ಟಿಗೆ ತಿಳಿಯಿತು: ಎಡಕ್ಕೆ ಹೊಂಡ ಎಂದದ್ದು, ಕಣ್ಣು ಪರೀಕ್ಷೆ ಮಾಡಿಸಿಕೊಂಡದ್ದು, ತಾವು ಒರೆಸದಿದ್ದರೂ ಪೆಟ್ಟಿಗೆಯ ತಳದಲ್ಲಿ ಬಾಟಲಿಯ ಸುತ್ತ ಧೂಳು ಕೂರದೆ ಇದ್ದದ್ದು. ಇವಳಿಗೆ ಮೊದಲಿಂದ ಗೊತ್ತು. ಮೊದಲು ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟು ಬಂತು. ಈಗಲೂ ತಪ್ಪಿಸಿಕೊಳ್ಳಬಹುದಿತ್ತು. ಹೌದು, ನನಗೆ ಬೇಡ ಎಂದು ನಕ್ಕುಬಿಟ್ಟರೆ ಮುಗಿಯಿತು, ಆಕೆ ಇನ್ನೊಬ್ಬರ ಮುಂದೆ ಅವರನ್ನು ಬಿಟ್ಟುಕೊಡುವವಳಲ್ಲ. ಕೆಳಗೆ ನೋಡಿದರೆ ನುಣುಪು ನೆಲದಲ್ಲಿ ತಮ್ಮದೇ ಮುಖ. ಬಾಗಿಲ ಬಳಿ ತಿರುಗಿ ನಿಂತಿದ್ದ ಲಾರಿ ಡ್ರೈವರಿನ ನೆನಪಾಯಿತು. ಅವನ ಮಾತು ಖರೆ, ಹೇಳುವುದು ಸುಲಭವಾಗಿತ್ತು. ಅವರು ಮತ್ತೆ ಕುರ್ಚಿಯಲ್ಲಿ ಕೂತರು.

‘ಓಡಿಸೋದು ಅವಳು,’ ಎಂದರು. ‘ನನಗೆ ಎಡಗಡೆ ಕಾಣಲ್ಲ.’

ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಹೋದ ತಿಂಗಳೇ ಲೈಸೆನ್ಸು ಹೊಸದು ಮಾಡಿಸಿದ್ದೇನೆ, ದಿಂಬಿನ ಮೇಲೆ ಕೂತು ಗುಡ್ಡ ಹತ್ತುವ ವಯಸ್ಸು ಇನ್ನಿಲ್ಲ, ಅದಕ್ಕೇ ಕೇಳಿದೆ ಎಂದು ಆ ಹೆಣ್ಣುಮಗಳಿಗೆ ಹೇಳಿದಳು. ಅದು ಯಾರಿಗೆ ಹೇಳಿದ್ದೆಂದು ಅವರಿಗೆ ಗೊತ್ತಾಯಿತು.

ಮಿಡ್ ದರ್ಜೆಯ ಗಾಡಿಯೊಂದು ಹಿಂದಿನ ಅಂಗಳದಲ್ಲಿ ನಿಂತಿತ್ತು. ಹೆಂಡತಿ ಮೆಟ್ಟಿಲು ಹತ್ತಿ ಸ್ಟೀರಿಂಗಿನ ಹಿಂದೆ ಕೂತಾಗ ಕಂಡದ್ದು ಹಣೆ ಮತ್ತು ಕೂದಲು ಮಾತ್ರ. ಅವರು ತೆರೆದ ಬಾಗಿಲ ಬಳಿ ಬಗ್ಗಿ, ಸೀಟಿನ ಪಕ್ಕದ ಹಿಡಿಯನ್ನು ತಡಕಿ ಹಿಡಿದು ಮೇಲೆತ್ತತೊಡಗಿದರು. ಸೀಟು ಒಂದೊಂದೇ ಹಲ್ಲು ಏರಿತು. ಗಾಜಿನಾಚೆ ಗೇಟು, ಅದರಾಚೆ ರಸ್ತೆ.

‘ಇದು ಚೆನ್ನಾಗಿ ಕಾಣತ್ತಾ?’ ಎಂದು ಕೇಳಿದರು. ಇನ್ನೊಂದು ಹಲ್ಲು ಏರಿಸಿದರು. ‘ಇದಾ, ಅದಾ?’

‘ಇನ್ನೊಂದು ಸಲ ತೋರಿಸಿ,’ ಎಂದಳು.

ಅವರು ಗದರಲಿಲ್ಲ. ಒಂದು ಹಲ್ಲು ಇಳಿಸಿ, ಮತ್ತೆ ಏರಿಸಿ, ಆಕೆ ಹೇಳುವುದನ್ನೇ ಕಾಯುತ್ತ ನಿಂತರು.